ಹತ್ತಂಕಿಯ ಒಂದು ಅವಿಭಾಜ್ಯ ಸಂಖ್ಯೆ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುವಾಗ ನಾನೊಂದು ಸೂತ್ರ ಕಂಡುಹಿಡಿದಿದ್ದೆ. 2ರ ಘಾತ 2 ಮಾಡಿ 1 ಕಳೆದರೆ 3 ಬರುತ್ತದೆ. ಘಾತ 3 ಆದರೆ 7, ಘಾತ 5 ಆದರೆ 31, ಘಾತ 7 ಆದರೆ 127. ಎಲ್ಲವೂ ಅವಿಭಾಜ್ಯ. ಘಾತ ಅವಿಭಾಜ್ಯವಾದರೆ ಉತ್ತರವೂ ಅವಿಭಾಜ್ಯ ಎಂದು ಗಣಿತದ ಮೇಷ್ಟ್ರಿಗೆ ಹೆಮ್ಮೆಯಿಂದ ಹೇಳಿದೆ. ಅವರು, "ಹನ್ನೊಂದಕ್ಕೂ ಮಾಡಿ ನೋಡೋ" ಎಂದರಷ್ಟೆ. 2047 ಬಂತು. ರಾತ್ರಿಯೆಲ್ಲ ಭಾಗಿಸಿದೆ. ಕೊನೆಗೆ 23 ಗುಣಿಸು 89 ಎಂದು ತಿಳಿಯಿತು. ನನ್ನ ಸೂತ್ರ ಅಲ್ಲಿಗೆ ಮುಗಿಯಿತು.

ಅದೇ ಸಾಲಿನಲ್ಲಿ ಘಾತ 31 ಆದಾಗ ಬರುವ ಸಂಖ್ಯೆ 2147483647. ಇದು ಅವಿಭಾಜ್ಯವೇ? ಇದರ ವರ್ಗಮೂಲ 46340ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಯವರೆಗಿನ 4792 ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕು. ಕೈಲೆಕ್ಕದಲ್ಲಿ ಅದು ತಿಂಗಳುಗಟ್ಟಲೆ ಕೆಲಸ.

ಈಗ ನನ್ನ ಸೋತ ಲೆಕ್ಕಕ್ಕೇ ಮತ್ತೆ ಬನ್ನಿ. 23ನ್ನೂ 89ನ್ನೂ 22ರಿಂದ ಭಾಗಿಸಿದರೆ ಶೇಷ 1. ಆ 22 ಎಂದರೆ ಘಾತ 11ರ ಎರಡರಷ್ಟು. 8ರಿಂದ ಭಾಗಿಸಿದರೆ ಶೇಷ ಕ್ರಮವಾಗಿ 7 ಮತ್ತು 1. ಇದು ಆಕಸ್ಮಿಕವಲ್ಲ. ಘಾತ 2ಕ್ಕಿಂತ ದೊಡ್ಡ ಅವಿಭಾಜ್ಯವಾದಾಗ ಇಂಥ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ ಘಾತದ ಎರಡರಷ್ಟರಿಂದ ಭಾಗಿಸಿದಾಗ ಶೇಷ 1 ಕೊಡಲೇಬೇಕು; 8ರಿಂದ ಭಾಗಿಸಿದಾಗ 1 ಅಥವಾ 7 ಕೊಡಲೇಬೇಕು. ಘಾತ 31ಕ್ಕೆ ಈ ಎರಡು ನಿಯಮ ಸೇರಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಸಂಖ್ಯೆಗಳನ್ನು ಮಾತ್ರ ಪರೀಕ್ಷಿಸಿದರೆ ಸಾಕು. ಅಂಥವು ಹೆಚ್ಚೆಂದರೆ 372. ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಹಾಗಾಗಿ ಇದು ಅವಿಭಾಜ್ಯ. 1772ರಲ್ಲಿ ಹೀಗೆ ತೋರಿಸಿದವರು ಆಯ್ಲರ್. ಆಗ ಅವರಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ.

1811ರಲ್ಲಿ ಪೀಟರ್ ಬಾರ್ಲೋ ಎಂಬ ಇಂಗ್ಲಿಷ್ ಗಣಿತಜ್ಞರು, ಈ ಬಗೆಯಲ್ಲಿ ಇದಕ್ಕಿಂತ ದೊಡ್ಡದನ್ನು ಬಹುಶಃ ಯಾರೂ ಎಂದೂ ಕಂಡುಹಿಡಿಯಲಾರರು, ಅದರಿಂದ ಉಪಯೋಗವೂ ಇಲ್ಲ ಎಂಬರ್ಥದಲ್ಲಿ ಬರೆದರು. 1876ರಲ್ಲಿ ಫ್ರಾನ್ಸಿನ ಲ್ಯುಕಾ ಘಾತ 127ರ ಸಂಖ್ಯೆ ಅವಿಭಾಜ್ಯವೆಂದು ತೋರಿಸಿದರು. ಅದರಲ್ಲಿ 39 ಅಂಕಿಗಳಿವೆ. 2024ರಲ್ಲಿ ಕಂಪ್ಯೂಟರ್‌ಗಳ ನೆರವಿನಿಂದ ಸಿಕ್ಕಿದ್ದರಲ್ಲಿ 4 ಕೋಟಿಗೂ ಹೆಚ್ಚು ಅಂಕಿಗಳಿವೆ.

ಮಕ್ಕಳೇ, ನಾಲ್ಕು ಉದಾಹರಣೆ ನೋಡಿ ನಿಯಮ ಮಾಡಿ ನಾನು ಎಡವಿದೆ. ಇನ್ನು ಮುಂದೆ ಆಗದು ಎಂದು ಬಾರ್ಲೋ ಎಡವಿದರು. ತಪ್ಪಿದ ಲೆಕ್ಕವನ್ನು ಅಳಿಸಿಹಾಕಬೇಡಿ. 2047ರ ಆ ಹಾಳೆಯಲ್ಲೇ ಆಯ್ಲರ್ ಬಳಸಿದ ದಾರಿಯ ಗುರುತಿತ್ತು. ನನಗದು ಕಂಡದ್ದು ಎಷ್ಟೋ ವರ್ಷಗಳ ಮೇಲೆ. ಬೈಯದೆ, ಉತ್ತರವನ್ನೂ ಹೇಳಿಬಿಡದೆ, ಹನ್ನೊಂದಕ್ಕೂ ಮಾಡಿ ನೋಡು ಎಂದ ಆ ಮೇಷ್ಟ್ರಿಗೆ ಇಂದು ಇದೇ ಅಂಗಳದಲ್ಲಿ ಕೈಮುಗಿಯುತ್ತೇನೆ.