ಬಣ್ಣದ ಹಿಂದಿನ ದಿನ



ಹೊಸ ಬೈರಾಸು ಮೈ ಒರೆಸುವುದಿಲ್ಲ. ತಂದ ಮೊದಲ ವಾರ ಅದು ನೀರನ್ನು ಬೆನ್ನಿನ ಈ ಕಡೆಯಿಂದ ಆ ಕಡೆಗೆ ಸಾಗಿಸುತ್ತದೆ, ಅಷ್ಟೆ. ನಾಲ್ಕು ಸಲ ಒಗೆದ ಮೇಲೆ ಒಂದೇ ಎಳೆತಕ್ಕೆ ತಲೆಯ ನೀರನ್ನೆಲ್ಲ ಕುಡಿಯುತ್ತದೆ. ಆ ನಾಲ್ಕು ಒಗೆತದಲ್ಲಿ ಏನು ಕಳೆದುಹೋಯಿತು ಎಂಬುದೇ ಇವತ್ತಿನ ನಮ್ಮ ವಿಷಯ. ಮೂಡುಬಿದಿರೆಯ ಈ ಎರಡು ದಿನದ ಸಭೆಯ ಸಂಘಟಕರು ಆಹ್ವಾನ ಪತ್ರಿಕೆಯಲ್ಲಿ ಇದಕ್ಕೆ ಉದ್ದದ ಹೆಸರು ಕೊಟ್ಟಿದ್ದಾರೆ. ನಾನು ಬೈರಾಸು ಎಂದೇ ಕರೆಯುತ್ತೇನೆ.

ಶಾಸ್ತ್ರ ಓದದವರಿಗೂ ಇದರ ಅರ್ಧ ಪಾಠ ಗೊತ್ತಿದೆ. ಬಿ.ಸಿ. ರೋಡಿನ ಯಾವುದೇ ಟೈಲರ್ ಅಂಗಡಿಗೆ ರವಿಕೆ ಹೊಲಿಸಲು ಹೋಗಿ, ಅಳತೆಗಿಂತ ಮೊದಲು ಬರುವ ಪ್ರಶ್ನೆ, "ಲೈನಿಂಗ್ ನೆನೆಸಿ ತಂದಿದ್ದೀರಾ ಅಕ್ಕ?" ಸೀರೆಯ ಫಾಲ್ ಕೂಡ ಹಾಗೆಯೇ. ರಾತ್ರಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಆಮೇಲೆ ಹೊಲಿಗೆ. ಮಿಲ್ಲಿನಲ್ಲಿ ಬಟ್ಟೆಯನ್ನು ಉದ್ದಕ್ಕೆ ಎಳೆದೆಳೆದು ಸುತ್ತಿರುತ್ತಾರೆ. ಗಂಜಿ ಅದನ್ನು ಆ ಬಿಗಿಯಲ್ಲೇ ಹಿಡಿದಿರುತ್ತದೆ. ನೀರು ತಾಗಿದೊಡನೆ ನೂಲು ತನ್ನ ಮೊದಲಿನ ಅಳತೆಗೆ ಹಿಂತಿರುಗುತ್ತದೆ. ಹೊಲಿದ ಮೇಲೆ ಹಿಂತಿರುಗಿದರೆ ಸೀರೆಯ ಅಂಚು ಸುಕ್ಕುಗಟ್ಟಿ ಜೋತುಬೀಳುತ್ತದೆ, ಬೈಗುಳ ಟೈಲರಿಗೆ.

ಉಳಿದರ್ಧ ಪಾಠವನ್ನು ನಾನು ಕಲಿತದ್ದು ಒಂದು ಬಟ್ಟೆ ಹಾಳುಮಾಡಿ. ಅಂಗಡಿಯಿಂದ ತಂದ ಹತ್ತು ಮೀಟರು ಕೋರಾ ಬಟ್ಟೆಯನ್ನು ಒಂದು ಸಲ ನೀರಲ್ಲಿ ಜಾಲಾಡಿ, ಬಣ್ಣ ಕಚ್ಚಲೆಂದು ಅಳಲೆಕಾಯಿ, ಪಟಿಕ ಕೊಟ್ಟು, ದಾಳಿಂಬೆ ಸಿಪ್ಪೆಯ ಕಷಾಯದಲ್ಲಿ ಅದ್ದಿದೆ. ಮೇಲೆತ್ತಿದಾಗ ಭೂಪಟದಂತೆ ಕಂಡಿತು: ಕೆಲವೆಡೆ ಗಾಢ, ಕೆಲವೆಡೆ ಬಣ್ಣವೇ ಹತ್ತಿಲ್ಲ. ಎರಡು ದಿನ ಸಿಪ್ಪೆಯನ್ನು ದೂರಿದೆ, ಮೂರನೆಯ ದಿನ ಬಾವಿಯ ನೀರನ್ನು. ಬಟ್ಟೆಯ ಮೇಲೆ, ಅದರಲ್ಲಿ ಉಳಿದ ಗಂಜಿಯ ಮೇಲೆ ಅನುಮಾನ ಬರಲು ವಾರ ಹಿಡಿಯಿತು.

ಮಗ್ಗದಲ್ಲಿ ಹಾಸಿನ ಎಳೆಗಳು ಸಾವಿರಾರು ಸಲ ಉಜ್ಜಿಸಿಕೊಳ್ಳುತ್ತವೆ. ತುಂಡಾಗದಿರಲು ಅವಕ್ಕೆ ಗಂಜಿಯ ಕವಚ ಬೇಕು. ಮಿಲ್ಲುಗಳಲ್ಲಿ ಇದು ಹಾಸಿನ ತೂಕದ ಶೇ. 8ರಿಂದ 15ರಷ್ಟಿರುವುದು ಸಾಮಾನ್ಯ. ಪಿಷ್ಟ ತಣ್ಣೀರಿಗೆ ಕರಗುವುದಿಲ್ಲ, ಸಾಬೂನಿಗೂ ಒಂದೇ ಸಲಕ್ಕೆ ಜಗ್ಗುವುದಿಲ್ಲ. ಅದರ ಉದ್ದದ ಸರಪಣಿಯನ್ನು ತುಂಡರಿಸಬೇಕು. ಆ ಕೆಲಸ ಅಮೈಲೇಸ್ ಎಂಬ ಕಿಣ್ವದ್ದು. ಹೆಸರು ಹೊಸದೆನಿಸಬಹುದು, ಕೆಲಸ ಹಳೆಯದು. ಮೊಳಕೆ ಬರಿಸಿದ ರಾಗಿಯ ಹಿಟ್ಟಿನಿಂದ ಮಾಡಿದ ಮಗುವಿನ ಗಂಜಿ ಬೇಗ ನೀರಾಗುವುದು ಇದೇ ಕಿಣ್ವದಿಂದ. ಯುರೋಪಿನ ಬಟ್ಟೆ ಕಾರ್ಖಾನೆಗಳೂ ಒಂದು ಕಾಲದಲ್ಲಿ ಬಾರ್ಲಿ ಮಾಲ್ಟನ್ನೇ ಬಳಸುತ್ತಿದ್ದವು. ಅದಕ್ಕೂ ಮೊದಲಿನ ಉಪಾಯ ಬಟ್ಟೆಯನ್ನು ನೀರಲ್ಲಿ ಹುಳಿಬರಿಸುವುದು: ನೀರಿನ ಸೂಕ್ಷ್ಮಜೀವಿಗಳೇ ಗಂಜಿ ತಿಂದು ಮುಗಿಸುತ್ತವೆ. ನಮ್ಮ ಕರಾವಳಿಯ ಸೆಕೆಗೆ ಒಂದು ಹಗಲು ಒಂದು ರಾತ್ರಿಯಲ್ಲೇ ವಾಸನೆ ಬರತೊಡಗುತ್ತದೆ. ಮರೆತು ಮೂರನೆಯ ದಿನಕ್ಕೆ ಬಿಟ್ಟರೆ ಗಂಜಿಯ ಜೊತೆ ಬಟ್ಟೆಯೂ ಬೂಷ್ಟು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಹೇಳುವುದೇ ಬೇಡ.

ಗಂಜಿ ಹೋದರೂ ಹತ್ತಿಯದೇ ಆದ ಮೇಣ ಉಳಿದಿರುತ್ತದೆ. ತೂಕದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಆದರೂ ನೀರನ್ನು ಹೊರಗೇ ನಿಲ್ಲಿಸಲು ಸಾಕು. ಒಂದು ಕಿಲೋ ಒಣ ಬಟ್ಟೆಗೆ ಇಪ್ಪತ್ತು ಗ್ರಾಂ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ. ಅಡುಗೆ ಸೋಡಾ ಅಲ್ಲ. ಸ್ಟೀಲಿನ ಪಾತ್ರೆಯೇ ಆಗಬೇಕು, ಅಲ್ಯೂಮಿನಿಯಂ ಡಬರಿಯನ್ನು ಸೋಡಾ ತಿನ್ನುತ್ತದೆ. ನೀರು ಚಹಾದ ಬಣ್ಣಕ್ಕೆ ತಿರುಗುವುದನ್ನು ಮೊದಲ ಸಲ ಕಂಡವರು "ಇಷ್ಟು ಕೊಳೆ ಎಲ್ಲಿತ್ತು" ಎನ್ನುತ್ತಾರೆ. (ರೇಷ್ಮೆಗೆ ಈ ಪ್ರಯೋಗ ಮಾಡಬೇಡಿ. ಅದರ ಲೆಕ್ಕವೇ ಬೇರೆ.)

ಹತ್ತಿ ಬಟ್ಟೆ ಬೇಯಿಸುವ ಈ ಕೆಲಸವನ್ನು ನಮ್ಮೂರಿನ ಮಡಿವಾಳರು ಪುಸ್ತಕವಿಲ್ಲದೆ ಮಾಡುತ್ತಿದ್ದರು. ಉಬ್ಬೆ ಎಂಬ ಮಾತು ಇವತ್ತಿನ ಮಕ್ಕಳಿಗೆ ಗೊತ್ತಿಲ್ಲ. ಬಟ್ಟೆಯನ್ನು ಕ್ಷಾರದ ನೀರಲ್ಲಿ ಅದ್ದಿ, ಹಬೆಯಲ್ಲಿ ಬೇಯಿಸಿ, ಆಮೇಲೆ ಕಲ್ಲಿಗೆ ಒಗೆಯುವುದು. ಬಾಳೆದಿಂಡು ಸುಟ್ಟ ಬೂದಿಯಲ್ಲಿ ಪೊಟ್ಯಾಶಿಯಂ ಕಾರ್ಬೊನೇಟ್ ಇರುತ್ತದೆ, ವಾಷಿಂಗ್ ಸೋಡಾದ ಹತ್ತಿರದ ಸಂಬಂಧಿ. ನಾವು ಪ್ರಯೋಗಾಲಯದಲ್ಲಿ ಅಂಕ ಕೊಟ್ಟು ಕಲಿಸುವುದನ್ನು ಒಂದು ಸಮುದಾಯ ತಲೆತಲಾಂತರ ಮಾಡಿತು. ಅದಕ್ಕೆ ನಾವು ವಿದ್ಯೆ ಎಂಬ ಹೆಸರನ್ನೂ ಕೊಡಲಿಲ್ಲ. ಬಾಸೆಲ್ ಮಿಶನ್ನಿನ ಜಾನ್ ಹಾಲರ್ 1851ರಲ್ಲಿ ಮಂಗಳೂರಿಗೆ ಬಂದದ್ದು, ಬಲ್ಮಠದ ನೇಯ್ಗೆಶಾಲೆಯಲ್ಲಿ ಖಾಕಿ ಬಣ್ಣ ತಯಾರಾದದ್ದು ಖಾಕಿಯ ಮೇಲಿನ ಲೇಖನಗಳಲ್ಲಿ ಬರುತ್ತದೆ. ಖಾಕಿಗೆ ಪೇಶಾವರದವರೂ ಹಕ್ಕು ಹೇಳುತ್ತಾರೆ, ಆ ಜಗಳ ಹಾಗಿರಲಿ. ಆ ಬಟ್ಟೆಗಳನ್ನು ಬಣ್ಣಕ್ಕೆ ಮೊದಲು ಬೇಯಿಸಿದವರ ಹೆಸರು ಎಲ್ಲೂ ಕಾಣುವುದಿಲ್ಲ.

ಕೈಮಗ್ಗದಲ್ಲಿ ಕ್ರಮ ತಿರುವುಮುರುವು. ಇಲ್ಲಿಂದ ಹೆಚ್ಚು ದೂರವಿಲ್ಲದ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಹಕಾರ ಸಂಘದವರು ಉಡುಪಿ ಸೀರೆ ನೇಯುತ್ತಾರೆ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಸೀರೆ ಅದು. ಕದಿಕೆ ಟ್ರಸ್ಟಿನ ಒತ್ತಾಸೆಯಿಂದ ಅಲ್ಲಿ ಸಸ್ಯಬಣ್ಣವೂ ಮರಳಿ ಬಂದಿದೆ. ಅಲ್ಲಿ ಲಡಿಯಲ್ಲಿರುವಾಗಲೇ ನೂಲು ತೊಳೆದು ಬಣ್ಣ ಕೊಟ್ಟಾಗುತ್ತದೆ, ಗಂಜಿ ಆಮೇಲೆ. ಎಂದರೆ ಅವರ ಗಂಜಿ ಬಣ್ಣದ ಹೊರಗೆ ಕುಳಿತಿರುತ್ತದೆ, ಉಡುವವರು ನಾಲ್ಕು ಸಲ ಒಗೆದರೆ ಹೋಗುತ್ತದೆ. ಮಿಲ್ ಬಟ್ಟೆ ತಂದು ಬಣ್ಣ ಹಾಕುವ ನಮಗೆ ಬಣ್ಣಕ್ಕೂ ನೂಲಿಗೂ ನಡುವೆ ಗಂಜಿ. ಬೇರೆಯವರು ಮಾಡಿಟ್ಟ ಕೆಲಸವನ್ನು ಬಿಚ್ಚುವುದೇ ನಮ್ಮ ಮೊದಲ ಕೆಲಸ.

ಮೂಡುಬಿದಿರೆಯಲ್ಲಿ ನಿಂತು ಇದನ್ನು ಹೇಳುವಾಗ ಜೈನರ ಧವಳ ಗ್ರಂಥಗಳ ನೆನಪಾಗುತ್ತದೆ. ಶತಮಾನಗಳ ಕಾಲ ಇಲ್ಲಿಯ ಸಿದ್ಧಾಂತ ಬಸದಿಯಲ್ಲಿ ಉಳಿದು ಬಂದ ತಾಳೆಗರಿಗಳು. ಧವಳ ಎಂದರೆ ಬಿಳುಪು. ಹಸಿ ಗರಿಯ ಮೇಲೆ ಯಾರೂ ಬರೆಯುವುದಿಲ್ಲ. ಬೇಯಿಸಿ, ಒಣಗಿಸಿ, ಉಜ್ಜಿ ಹದಮಾಡಿದ ಮೇಲೆ ಅಕ್ಷರ. ಗ್ರಂಥ ಉಳಿದದ್ದಕ್ಕೆ ಲಿಪಿಕಾರನಿಗೆ ನಮಸ್ಕಾರ ಹಾಕುತ್ತೇವೆ. ಗರಿ ಬೇಯಿಸಿದವನಿಗೂ ಒಂದು ನಮಸ್ಕಾರ ಸಲ್ಲಬೇಕಿತ್ತು.

ಈ ಎರಡು ದಿನಗಳಲ್ಲಿ ಇಲ್ಲಿಯ ಚರ್ಚೆ ಎಲ್ಲಿಗೆ ಹೋಗಬೇಕೆಂದು ನನ್ನ ಆಶಯ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ನಮ್ಮ ಈ ಮೂರು ತಾಲೂಕುಗಳ ಸ್ವಉದ್ಯೋಗ ತರಬೇತಿಗಳಲ್ಲಿ ಹೊಲಿಗೆಗೆ ವಾರಗಳಿವೆ, ಬಣ್ಣಕ್ಕೆ ದಿನಗಳಿವೆ, ಬಟ್ಟೆ ಹದ ಮಾಡುವುದಕ್ಕೆ ಅರ್ಧ ಗಂಟೆಯನ್ನಾದರೂ ಇಟ್ಟಿದ್ದೇವೆಯೇ ನೋಡಿಕೊಳ್ಳೋಣ. ಸುಕ್ಕುಗಟ್ಟದ ಬಟ್ಟೆ ಎಂದು ಮಾರುವ ಬಟ್ಟೆಯ ಲೇಪ ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತದೆ, ಸೋಡಾಕ್ಕೂ ಬಿಡುವುದಿಲ್ಲ. ಅದನ್ನು ಗುರುತಿಸಿ ಅಂಗಡಿಯಲ್ಲೇ ಬಿಟ್ಟು ಬರಲು ಕಲಿಸಬೇಕು. ಇನ್ನು ನೀರು. ಮುರಕಲ್ಲಿನ ಬಾವಿಯಲ್ಲಿ ಕಬ್ಬಿಣದ ಅಂಶವಿದ್ದರೆ ಅಳಲೆಕಾಯಿಯ ಚೊಗರಿನೊಡನೆ ಸೇರಿ ಬಟ್ಟೆ ಕಪ್ಪಿಡುತ್ತದೆ. ನನ್ನ ಮೂರನೆಯ ದಿನದ ದೂರು ಪೂರಾ ಸುಳ್ಳೇನಲ್ಲ. ಹೊರಹೋಗುವ ನೀರಿನದು ಇನ್ನೂ ದೊಡ್ಡ ಪ್ರಶ್ನೆ. ಹತ್ತಿ ಬಟ್ಟೆಯ ಉದ್ಯಮದಲ್ಲಿ ನೀರಿನ ಪ್ರಾಣವಾಯು ಹೀರುವ ಹೊರೆಯ ದೊಡ್ಡ ಪಾಲು ಬರುವುದು ಬಣ್ಣಕ್ಕಿಂತ ಈ ತೊಳೆದ ಗಂಜಿಯಿಂದ. ಒಂದು ಮನೆಯ ಬಕೆಟ್ಟನ್ನು ತೆಂಗಿನ ಬುಡ ಕುಡಿದೀತು. ಐವತ್ತು ಮನೆಯ ಘಟಕ ಶುರುವಾದರೆ ನೇತ್ರಾವತಿಗೆ ಬಿಡುವುದೋ, ಹದಿನೆಂಟು ಕೆರೆಯ ಊರೆಂದು ಹೆಮ್ಮೆಪಡುವ ಇಲ್ಲಿಯ ಕೆರೆಗೆ ಬಿಡುವುದೋ? ಸಸ್ಯಬಣ್ಣ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಈ ಪ್ರಶ್ನೆಯಿಂದ ಪಾರಾಗಲು ಬರುವುದಿಲ್ಲ. ನಾಳಿನ ಗೋಷ್ಠಿಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಕೊಡಿ, ಬೇಕಾದರೆ ನನ್ನ ಸಮಾರೋಪದ ಹತ್ತು ನಿಮಿಷವನ್ನೂ ತೆಗೆದುಕೊಳ್ಳಿ.

ನಿಮಗೆಲ್ಲ ನೋಂದಣಿಯಲ್ಲಿ ಕೊಟ್ಟ ಕೈಚೀಲ ಕೋರಾ ಬಟ್ಟೆಯದು. ಚಹಾದ ಹೊತ್ತಿಗೆ ಅದರ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ, ಮುತ್ತಿನಂತೆ ಕುಳಿತುಕೊಂಡರೆ ಬಟ್ಟೆ ಇನ್ನೂ ಹದವಾಗಿಲ್ಲ. ಇನ್ನೊಂದು ಮೂಲೆಯಲ್ಲಿ ಅಯೋಡಿನ್ ಒಂದು ಹನಿ. ಕಡುನೀಲಿಯಾದರೆ ಗಂಜಿ ಇದೆ. ಬಾಟಲಿಗಳನ್ನು ಚಹಾದ ಮೇಜಿನ ಮೇಲೇ ಇಟ್ಟಿದ್ದೇವೆ. ಲೋಟ ಎತ್ತುವ ಮೊದಲು ಯಾವುದು ಯಾವುದೆಂದು ಒಮ್ಮೆ ನೋಡಿಕೊಳ್ಳಿ.