ಅಭ್ಯಂಜನದ ಎಣ್ಣೆ: ತಲೆಗೊಂದು, ಮೈಗೊಂದು

ಯುಗಾದಿಗೆ, ನರಕ ಚತುರ್ದಶಿಗೆ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಳ್ಳುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಯಾವ ಎಣ್ಣೆ ಎಂದು ಕೇಳಿದರೆ ಮಾತ್ರ ಊರಿಗೊಂದು ಉತ್ತರ. ಕರಾವಳಿಯವರು ತೆಂಗಿನೆಣ್ಣೆ ಎನ್ನುತ್ತಾರೆ. ಹಳೆಯ ಮೈಸೂರಿನ ಕಡೆ ಹರಳೆಣ್ಣೆಗೆ ಮರ್ಯಾದೆ ಹೆಚ್ಚು. ಎಳ್ಳೆಣ್ಣೆಯೇ ಶ್ರೇಷ್ಠವೆನ್ನುವವರೂ ಉಂಟು. ಎಲ್ಲರೂ ತಮ್ಮ ತಮ್ಮ ಅಜ್ಜಿಯ ಜಡೆಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಅಜ್ಜಿಯ ಜಡೆ ಸಣ್ಣ ಸಾಕ್ಷಿಯೇನಲ್ಲ. ಆದರೆ ಆಕೆ ಎಣ್ಣೆಯನ್ನೇ ಮುಟ್ಟದಿದ್ದರೆ ಆ ಜಡೆ ಹೇಗಿರುತ್ತಿತ್ತು ಎಂಬುದನ್ನು ನೋಡಿದವರು ಯಾರೂ ಇಲ್ಲ. ಅದನ್ನು ನೋಡುವ ಉಪಾಯಕ್ಕೇ ವಿಜ್ಞಾನಿಗಳು ಪರೀಕ್ಷೆಯೆಂದು ಹೆಸರಿಟ್ಟಿದ್ದಾರೆ.

ಮೊದಲು ತಲೆಯ ಮಾತು. ನೆತ್ತಿಯ ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಕೆರಟಿನ್ ಎಂಬ ಪ್ರೋಟೀನಿನ ಎಳೆ ಅದು; ಅದರ ಮೇಲೆ ಹೆಂಚು ಹೊದಿಸಿದಂತೆ ಸಣ್ಣ ಸಣ್ಣ ಹೊಪ್ಪಳೆಗಳ ಕವಚ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆ ಲೆಕ್ಕದಲ್ಲಿ ಅರವತ್ತು ಸೆಂಟಿಮೀಟರ್ ಉದ್ದದ ಜಡೆಯ ತುದಿಗೆ ಐದು ವರ್ಷ ವಯಸ್ಸು. ಐದು ದೀಪಾವಳಿಗಳ ಸೀಗೆಪುಡಿ, ಬಿಸಿಲು, ಬಾಚಣಿಗೆ ಎಲ್ಲವನ್ನೂ ಸಹಿಸಿಕೊಂಡು ಬಂದಿರುವ ತುದಿ! ಗಾಯವಾದ ಚರ್ಮ ತಾನಾಗಿ ಮಾಯುತ್ತದೆ. ಸವೆದ ಕೂದಲು ಮಾಯುವುದಿಲ್ಲ. ಆದುದರಿಂದ ಸವೆಯದಂತೆ ಕಾಯುವುದೊಂದೇ ದಾರಿ. ಕೂದಲು ನೀರು ಕುಡಿದು ಉಬ್ಬಿದಾಗ ಆ ಹೊಪ್ಪಳೆಗಳು ಮೇಲೇಳುತ್ತವೆ. ಒದ್ದೆ ತಲೆಯನ್ನು ಬಾಚಿದರೆ ಅವು ಮುರಿದು ಹೋಗುತ್ತವೆ.

೨೦೦೩ರಲ್ಲಿ ಮುಂಬಯಿಯ ಆರತಿ ರೇಲೆ ಮತ್ತು ಆರ್. ಬಿ. ಮೋಹಿಲೆ ಎಂಬ ಸಂಶೋಧಕರು ಈ ಬಗೆಗೆ ಒಂದು ಲೇಖನ ಪ್ರಕಟಿಸಿದರು. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ—ಈ ಮೂರನ್ನು ಅವರು ಕೂದಲಿನ ಕುಚ್ಚುಗಳಿಗೆ ಹಚ್ಚಿದರು. ತೊಳೆಯುವ ಮೊದಲು ಹಚ್ಚಿ ನೋಡಿದರು, ತೊಳೆದ ಮೇಲೆಯೂ ಹಚ್ಚಿ ನೋಡಿದರು. ಕೂದಲಿನಿಂದ ಎಷ್ಟು ಪ್ರೋಟೀನು ಕಳೆದುಹೋಯಿತೆಂದು ಅಳೆದರು. ಮೂರರಲ್ಲಿ ತೆಂಗಿನೆಣ್ಣೆಯೊಂದೇ ಈ ನಷ್ಟವನ್ನು ಎದ್ದು ಕಾಣುವಷ್ಟು ತಗ್ಗಿಸಿತು. ಕೆಡದ ಕೂದಲಿನಲ್ಲಿಯೂ ಸರಿ, ಕೆಟ್ಟ ಕೂದಲಿನಲ್ಲಿಯೂ ಸರಿ, ಫಲ ಹೀಗೆಯೇ ಬಂದಿತು.

ಕಾರಣ ತಿಳಿಯಲು ಕಷ್ಟವಿಲ್ಲ. ತೆಂಗಿನೆಣ್ಣೆಯ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೇರವಾದುದು. ಪ್ರೋಟೀನಿನ ಸಂಗಡ ಹೊಂದಿಕೊಳ್ಳುವ ಗುಣವೂ ಅದಕ್ಕೆ ಉಂಟು. ಹೀಗಾಗಿ ಅದು ಕೂದಲೊಳಕ್ಕೆ ಇಳಿದು ನೀರಿಗೆ ಜಾಗ ಬಿಡುವುದಿಲ್ಲ. ಸೂರ್ಯಕಾಂತಿ ಎಣ್ಣೆಯ ಅಣು ದಪ್ಪ, ಅಂಕುಡೊಂಕು, ಬಾಗಿಲಲ್ಲೇ ನಿಲ್ಲುತ್ತದೆ. ಖನಿಜ ತೈಲಕ್ಕೆ ಪ್ರೋಟೀನಿನ ನಂಟೇ ಇಲ್ಲ. ಹೊಳಪು ಕೊಟ್ಟೀತು, ಅಷ್ಟೆ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಆ ಸಂಶೋಧಕರು ಕೆಲಸಕ್ಕಿದ್ದ ಮ್ಯಾರಿಕೊ ಕಂಪನಿ ತೆಂಗಿನೆಣ್ಣೆಯನ್ನೇ ಮಾರುವಂಥದು. ಅಷ್ಟರಿಂದಲೇ ಫಲಿತಾಂಶ ಸುಳ್ಳಾಗುವುದಿಲ್ಲ. ಎಚ್ಚರದಿಂದ ಓದಬೇಕು, ಅಷ್ಟೇ. ಇನ್ನೊಂದು ವಿಚಾರ: ಕೂದಲು ಸವೆಯುವುದು ಕಡಿಮೆಯಾಯಿತೆಂದು ಆ ಲೇಖನ ಹೇಳಿತೇ ಹೊರತು ಹೊಸ ಕೂದಲು ಹುಟ್ಟಿತೆಂದು ಹೇಳಲಿಲ್ಲ. ಬೋಳುತಲೆಯ ಮಹನೀಯರು ಸೀಸೆಯ ಮೇಲಿನ ಚಿತ್ರವನ್ನು ನಂಬಿ ಹಣ ಕಳೆದುಕೊಳ್ಳಬಾರದು. ಎಣ್ಣೆ ಹಚ್ಚಿ, ಆಮೇಲೆ ಸೀಗೆಪುಡಿ ಹಾಕಿ ನೀರೆರೆದುಕೊಳ್ಳುವ ನಮ್ಮ ಹಿರಿಯರ ಕ್ರಮವಂತೂ ಈ ಪರೀಕ್ಷೆಯಲ್ಲಿ ಸೋಲಲಿಲ್ಲ.

ಹಾಗಾದರೆ ಸೂರ್ಯಕಾಂತಿ ಎಣ್ಣೆ ಕೆಲಸಕ್ಕೆ ಬಾರದ್ದೆನ್ನೋಣವೇ? ತಲೆಯನ್ನು ಬಿಟ್ಟು ಮೈಗೆ, ಅದರಲ್ಲಿಯೂ ಎಳೆಗೂಸಿನ ಮೈಗೆ ಬಂದರೆ ಕಥೆ ತಿರುಗಿ ಬೀಳುತ್ತದೆ. ಚರ್ಮ ಕೂದಲಿನಂತೆ ಜಡವಲ್ಲ. ಅದರ ಮೇಲುಪದರ ನೀರನ್ನು ಒಳಗೆ ಹಿಡಿದಿಟ್ಟು ರೋಗಾಣುಗಳನ್ನು ಹೊರಗೆ ತಡೆಯುವ ಗೋಡೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನಲ್ಲಿ ಈ ಗೋಡೆ ಇನ್ನೂ ಕಟ್ಟಿ ಮುಗಿದಿರುವುದಿಲ್ಲ.

ಗ್ಯಾರಿ ಡಾರ್ಮ್‌ಸ್ಟಾಟ್ ಎಂಬ ಮಕ್ಕಳ ವೈದ್ಯರೂ ಅವರ ಸಂಗಡಿಗರೂ ೨೦೦೨ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಇಲಿಗಳ ಕೆಟ್ಟ ಚರ್ಮಕ್ಕೆ ಬೇರೆ ಬೇರೆ ಎಣ್ಣೆ ಸವರಿದರು. ಸೂರ್ಯಕಾಂತಿ ಎಣ್ಣೆ ಆ ಗೋಡೆ ಬೇಗ ಸರಿಹೋಗುವಂತೆ ಮಾಡಿತು. ಉತ್ತರ ಭಾರತ, ಬಂಗಾಳಗಳಲ್ಲಿ ಮಕ್ಕಳಿಗೆ ತಿಕ್ಕುವ ಸಾಸಿವೆ ಎಣ್ಣೆಯೂ, ವಿದೇಶದ ಆಲಿವ್ ಎಣ್ಣೆಯೂ, ಸೋಯಾ ಎಣ್ಣೆಯೂ ಅದನ್ನು ತಡಮಾಡಿದವು! ಎಲ್ಲವೂ ಬೀಜದ, ಹಣ್ಣಿನ ಎಣ್ಣೆಗಳೇ. ಅನಂತರ ಢಾಕಾದ ಶಿಶು ಆಸ್ಪತ್ರೆಯಲ್ಲಿ ೩೩ ವಾರ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ದಿನವೂ ಈ ಎಣ್ಣೆಯನ್ನು ಮೃದುವಾಗಿ ಹಚ್ಚಲಾಯಿತು. ೨೦೦೫ರ ವರದಿಯಂತೆ, ಎಣ್ಣೆ ಹಚ್ಚದ ಕೂಸುಗಳಿಗಿಂತ ಈ ಕೂಸುಗಳಿಗೆ ಆಸ್ಪತ್ರೆಯಲ್ಲಿ ತಗಲುವ ಸೋಂಕು ನೂರಕ್ಕೆ ೪೧ರಷ್ಟು ಕಡಿಮೆ.

ಇಷ್ಟು ಕೇಳಿ ಯಾರೂ ಅಡಿಗೆಮನೆಯ ಡಬ್ಬಕ್ಕೆ ಕೈಹಾಕಬಾರದು. ಜಗತ್ತಿನ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ೨೦೧೬ರ ಕಾಕ್ರೇನ್ ವಿಮರ್ಶೆಗೆ, ಮೈಗೆ ಹಚ್ಚುವ ಎಣ್ಣೆ ಮುಲಾಮುಗಳು ಅಕಾಲದಲ್ಲಿ ಹುಟ್ಟಿದ ಮಕ್ಕಳ ಸೋಂಕನ್ನು ತಡೆಯುತ್ತವೆನ್ನಲು ಸಾಕಷ್ಟು ಆಧಾರ ದೊರೆಯಲಿಲ್ಲ. ಅದೇ ವರ್ಷ ಮ್ಯಾಂಚೆಸ್ಟರಿನಿಂದ ಇನ್ನೊಂದು ವರದಿ ಬಂದಿತು. ತಿಂಗಳು ತುಂಬಿ ಹುಟ್ಟಿದ ೧೧೫ ಆರೋಗ್ಯವಂತ ಕೂಸುಗಳಲ್ಲಿ ಕೆಲವಕ್ಕೆ ಆಲಿವ್ ಎಣ್ಣೆ, ಕೆಲವಕ್ಕೆ ಸೂರ್ಯಕಾಂತಿ ಎಣ್ಣೆ, ಉಳಿದವಕ್ಕೆ ಏನೂ ಇಲ್ಲ. ಎಣ್ಣೆ ಕಂಡ ಚರ್ಮ ಹೆಚ್ಚು ತೇವವಾಗಿತ್ತು; ಆದರೆ ಅದರ ಕೊಬ್ಬಿನ ಪದರಗಳು ಎಣ್ಣೆ ಕಾಣದ ಮಕ್ಕಳಲ್ಲಿ ಬಲಿತಷ್ಟು ಚೆನ್ನಾಗಿ ಬಲಿಯಲಿಲ್ಲ. ಕೈಗೆ ನುಣುಪಾಗಿ ಸಿಕ್ಕುವ ಚರ್ಮವೆಲ್ಲ ಗಟ್ಟಿ ಚರ್ಮವಲ್ಲವೆಂದಾಯಿತು. ನನ್ನ ದೃಷ್ಟಿಯಲ್ಲಿ ಈ ಸಂಗತಿಯನ್ನು ಬಾಣಂತಿ ಕೋಣೆಯ ಹಿರಿಯ ಹೆಂಗಸರಿಗೆ ಮೊದಲು ತಿಳಿಸಬೇಕು. ಯಾಕೆಂದರೆ ಅಲ್ಲಿ ತೀರ್ಪು ಕೊಡುವವರು ಅವರೇ.

ಮನೆಯಲ್ಲಿ ಕೂಸಿಗೆ ನೀರೆರೆಯುವ ಅಜ್ಜಿಯರಿದ್ದರೆ ಅವರಿಗೆ ಇನ್ನೊಂದು ಬಿನ್ನಹ. ಮೈಗೆ ಎಣ್ಣೆ ಸವರುವ ವಿಷಯದಲ್ಲಿ ವಾದ ನಡೆಯಲಿ, ಬಿಡಿ. ಆದರೆ ಮೂಗು ಕಟ್ಟಿದೆಯೆಂದು ಕೂಸಿನ ಮೂಗಿಗೆ ಎಣ್ಣೆಯ ಹನಿ ಬಿಡುವುದು ವಾದಕ್ಕೆ ಎಡೆಯಿಲ್ಲದ ಅಪಾಯ. ಎಣ್ಣೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನೀರು ಹೋದರೆ ಕೆಮ್ಮು ಬರುವಂತೆ ಇದಕ್ಕೆ ಬರುವುದಿಲ್ಲ. ಅಲ್ಲಿ ನಿಂತು ನ್ಯುಮೋನಿಯಾ ತರುತ್ತದೆ. ಇಂಥ ಮಕ್ಕಳನ್ನು ನಮ್ಮ ದೇಶದ ವೈದ್ಯರು ಕಂಡಿದ್ದಾರೆ, ಬರೆದಿದ್ದಾರೆ. ಮೂಗು, ಬಾಯಿ, ಕಿವಿ—ಈ ಮೂರಕ್ಕೂ ಎಣ್ಣೆ ಬೇಡ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಮೈಗೆ ಒಂದು ಹನಿ ಹಚ್ಚುವ ಮೊದಲೂ ಡಾಕ್ಟರನ್ನು ಕೇಳಿ.