ಬಿಸಿಯಾಗದ ಕಾರು

ಮಕ್ಕಳೇ, ನಮ್ಮಕ್ಕನ ಹತ್ತಿರ ಒಂದು ಪುಟ್ಟ ಆಟೊಮ್ಯಾಟಿಕ್ ಕಾರಿದೆ. ಕ್ಲಚ್ ತುಳಿಯುವ ಗೊಡವೆಯಿಲ್ಲ, ಗೇರನ್ನು ಅದೇ ಬದಲಾಯಿಸಿಕೊಳ್ಳುತ್ತದೆ. ದಿನವೂ ಅಕ್ಕ ಅದರಲ್ಲಿ ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗಿ ಬರುತ್ತಾಳೆ. ಕಳೆದ ಚಳಿಗಾಲದಲ್ಲಿ ಅವಳ ಗೊಣಗಾಟ ಶುರುವಾಯಿತು. "ಈ ಕಾರು ಪೆಟ್ರೋಲ್ ಕುಡೀತಾ ಇದೆ ಕಣೋ!"

"ಎಷ್ಟು ಕುಡೀತಾ ಇದೆಯಮ್ಮಾ?" ಅಂದಳು ಏಳನೇ ಕ್ಲಾಸಿನ ಮಗಳು. ಅಕ್ಕನೂ ಸುಮ್ಮನೆ, ನಾನೂ ಸುಮ್ಮನೆ.

ಹಾಗಾಗಿ ಮೊದಲು ಅಳೆದೆವು. ಫುಲ್ ಟ್ಯಾಂಕ್ ಹಾಕಿಸಿ, ಪಂಪಿನ ನಳಿಕೆ ತಾನಾಗಿ ಟಕ್ ಎಂದು ನಿಂತ ಕೂಡಲೇ ಸಾಕು ಅಂದೆವು. ಕಿಲೋಮೀಟರ್ ಬರೆದುಕೊಂಡೆವು. ಎರಡು ವಾರ ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಟಕ್ ಎನ್ನುವವರೆಗೆ ತುಂಬಿಸಿದೆವು. ಹಿಡಿದದ್ದು 22 ಲೀಟರ್, ಓಡಿದ್ದು 253 ಕಿಲೋಮೀಟರ್. ಭಾಗಿಸಿದರೆ ಲೀಟರಿಗೆ 11.5. ಮೊದಲು ಇದೇ ದಾರಿಯಲ್ಲಿ 14 ಬರುತ್ತಿತ್ತು. ಅಕ್ಕನ ಗೊಣಗಾಟ ಸುಳ್ಳಲ್ಲ.

ಪೆಟ್ರೋಲ್ ಎಂಥ ಗಟ್ಟಿ ಆಸಾಮಿ ಗೊತ್ತಾ? ಒಂದು ಲೀಟರಿನಲ್ಲಿ ಸುಮಾರು 3.4 ಕೋಟಿ ಜೂಲ್ ಶಕ್ತಿ ಇರುತ್ತದೆ. ಅಷ್ಟನ್ನೂ ಚೂರೂ ಪೋಲಾಗದಂತೆ ಬಳಸಲು ಬಂದರೆ, ಒಂದು ಟನ್ ತೂಕದ ಕಾರನ್ನು ಸಮುದ್ರದ ದಡದಿಂದ ನೇರವಾಗಿ ಮೇಲಕ್ಕೆತ್ತಿ ಮುಳ್ಳಯ್ಯನಗಿರಿಯ ತುದಿಯನ್ನೂ ದಾಟಿಸಿಬಿಡಬಹುದು! ಆದರೆ ಎಂಜಿನ್ನು ಅದರಲ್ಲಿ ಕಾಲು ಭಾಗದಷ್ಟನ್ನು ಓಟವಾಗಿಸಿದರೆ ಹೆಚ್ಚು. ಉಳಿದದ್ದು ಬಹುಪಾಲು ಬಿಸಿಯಾಗಿ ಹೋಗುತ್ತದೆ. ಶಕ್ತಿ ಮಾಯವಾಗುವುದಿಲ್ಲ, ಎಲ್ಲೋ ಹೋಗಿರುತ್ತದೆ. ಅದು ಎಲ್ಲಿಗೆ ಹೋಯಿತು ಅಂತ ಹುಡುಕುವುದೇ ನಮ್ಮ ಪತ್ತೇದಾರಿ.

ಮೊದಲ ಅನುಮಾನ ಟೈರಿನ ಮೇಲೆ. ಗಾಳಿ ಕಮ್ಮಿಯಾದ ಸೈಕಲ್ ತುಳಿದಿದ್ದೀರಲ್ಲ, ತೊಡೆ ನೋಯುತ್ತದೆ. ಮೆತ್ತಗಾದ ಟೈರು ನೆಲಕ್ಕೆ ತಾಗಿದಾಗಲೆಲ್ಲ ಅಮುಕಿಕೊಂಡು, ಮೇಲೆದ್ದಾಗ ಉಬ್ಬುತ್ತದೆ. ಈ ಅಮುಕಾಟದಲ್ಲಿ ರಬ್ಬರು ಬಿಸಿಯಾಗುತ್ತದೆ. ಆ ಬಿಸಿಯ ಖರ್ಚೂ ಪೆಟ್ರೋಲಿನ ಲೆಕ್ಕಕ್ಕೇ. ಬೆಳಿಗ್ಗೆ ಟೈರು ತಣ್ಣಗಿದ್ದಾಗ ಗಾಳಿ ಚೆಕ್ ಮಾಡಿಸಿದೆವು. 33 ಪಾಯಿಂಟ್ ಇರಬೇಕಾದಲ್ಲಿ 25 ಇತ್ತು. ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ ನಾನು. ಆದರೆ ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ ನಾಲ್ಕೂ ಟೈರಿನಲ್ಲಿ ಒಂದೊಂದು ಪಾಯಿಂಟ್ ಗಾಳಿ ಇಳಿದರೆ ಮೈಲೇಜು ಶೇಕಡಾ 0.2ರಷ್ಟು ಇಳಿಯುತ್ತದೆ. ಎಂಟು ಪಾಯಿಂಟಿಗೆ ಶೇಕಡಾ 1.6. ನಮ್ಮ ಕಾರು ಕಳೆದುಕೊಂಡದ್ದು ಶೇಕಡಾ 18ರಷ್ಟು. ಟೈರು ಕದ್ದದ್ದು ಹೌದು, ಆದರೆ ಚಿಲ್ಲರೆ.

ಬ್ರೇಕ್ ಕಚ್ಚಿಕೊಂಡಿದೆಯೇ ಅಂತ, ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರಗಳ ಹತ್ತಿರ ನಾನು ಕೈ ಹಿಡಿದು ನೋಡಿದೆ. (ನೀವು ಮಾಡಬೇಡಿ, ಸುಡುತ್ತದೆ.) ಯಾವುದೂ ಅತಿಯಾಗಿ ಕಾದಿರಲಿಲ್ಲ.

ಅಷ್ಟರಲ್ಲಿ ಮೆಕ್ಯಾನಿಕ್ ಒಬ್ಬರು ಗೇರ್‌ಬಾಕ್ಸ್ ಕಡೆ ಬೆರಳು ತೋರಿಸಿದರು. ಯಾಕೆಂದು ತಿಳಿಯಲು ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಹಾಕಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗತೊಡಗುತ್ತದೆ, ಆದರೆ ಮೊದಲನೆಯದರಷ್ಟು ಜೋರಾಗಿ ಅಲ್ಲ. ಅಕ್ಕನ ಕಾರಿನಂಥ ಆಟೊಮ್ಯಾಟಿಕ್‌ಗಳಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಇಂಥದೇ ಎರಡು ರೆಕ್ಕೆಚಕ್ರಗಳು ಇರುತ್ತವೆ. ಗಾಳಿಯ ಬದಲು ಎಣ್ಣೆ, ಅಷ್ಟೆ. ಹೆಸರು ಟಾರ್ಕ್ ಕನ್ವರ್ಟರ್. ಎರಡನೇ ರೆಕ್ಕೆಚಕ್ರ ಎಷ್ಟು ಹಿಂದೆ ಬೀಳುತ್ತದೋ ಅಷ್ಟು ಶಕ್ತಿ ಎಣ್ಣೆಯನ್ನು ಕಾಯಿಸುವುದರಲ್ಲಿ ಕಳೆದುಹೋಗುತ್ತದೆ. ಅದಕ್ಕೇ ಕಾರು ಒಂದೇ ವೇಗದಲ್ಲಿ ಸಾಗುವಾಗ ಎರಡನ್ನೂ ಒಂದಾಗಿ ಬಿಗಿಯುವ ಲಾಕ್-ಅಪ್ ಕ್ಲಚ್ ಇಟ್ಟಿರುತ್ತಾರೆ.

ಅದನ್ನು ಪರೀಕ್ಷಿಸಲೆಂದು ರಿಂಗ್ ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುತ್ತಾ ಅಕ್ಕ ಆಕ್ಸಿಲರೇಟರನ್ನು ತುಸುವೇ ಒತ್ತಿದಳು. ವೇಗ ಇದ್ದಲ್ಲೇ ಇದೆ, ಆರ್‌ಪಿಎಂ ಮುಳ್ಳು ಮಾತ್ರ ಟಣ್ಣನೆ ಮೇಲೆ ಹಾರಿತು. ಅಂದರೆ ಲಾಕ್-ಅಪ್ ಬಿಗಿಯುತ್ತಲೇ ಇಲ್ಲ. "ಗೇರ್‌ಬಾಕ್ಸ್ ಬಿಚ್ಚಬೇಕು" ಅಂದರು ಮೆಕ್ಯಾನಿಕ್. ಖರ್ಚು ಕೇಳಿ ಅಕ್ಕನ ಮುಖ ಸಣ್ಣಗಾಯಿತು.

ಹಿಂದಿನ ಸೀಟಿನಿಂದ ಇಣುಕುತ್ತಿದ್ದ ಹುಡುಗಿಯ ಕಣ್ಣು ಇನ್ನೊಂದು ಮುಳ್ಳಿನ ಮೇಲಿತ್ತು. "ಮಾಮ, ಈ ಬಿಸಿ ತೋರಿಸೋ ಮುಳ್ಳು ಯಾಕೆ ಇನ್ನೂ ಕೆಳಗೇ ಇದೆ?"

ಅರ್ಧ ಗಂಟೆ ಓಡಿದ್ದೆವು. ಅಷ್ಟು ಹೊತ್ತಿಗೆ ಅದು ನಡುಮಧ್ಯಕ್ಕೆ ಬಂದು ಕೂತಿರಬೇಕು. ನಾವು ದೊಡ್ಡವರು ಎಂಜಿನ್ ಹೆಚ್ಚು ಕಾದರೆ ಗಾಬರಿಯಾಗುತ್ತೇವೆ. ಕಾಯದಿದ್ದರೆ ನೋಡುವುದೇ ಇಲ್ಲ.

ಎಂಜಿನ್ ತಂಪಾಗಿರಲೆಂದು ಅದರ ಸುತ್ತ ಕೂಲೆಂಟ್ ನೀರು ಹರಿಯುತ್ತದೆ. ಅದು ತಣಿಯಲು ರೇಡಿಯೇಟರಿಗೆ ಹೋಗುವ ದಾರಿಯಲ್ಲೊಂದು ಬಾಗಿಲು. ಅದೇ ಥರ್ಮೋಸ್ಟಾಟ್. ಅದನ್ನು ತೆರೆಯುವುದು ಮೇಣ! ಮೇಣದ ಬತ್ತಿ ಕರಗಿಸಿ ಬಟ್ಟಲಲ್ಲಿ ಆರಲು ಬಿಟ್ಟರೆ ನಡುವೆ ಗುಳಿ ಬೀಳುವುದನ್ನು ನೋಡಿರಬಹುದು. ಗಟ್ಟಿಯಾದಾಗ ಮೇಣ ಕುಗ್ಗುತ್ತದೆ, ಕರಗಿದಾಗ ಹಿಗ್ಗುತ್ತದೆ. ಥರ್ಮೋಸ್ಟಾಟಿನ ಪುಟ್ಟ ಡಬ್ಬಿಯೊಳಗಿನ ಮೇಣ 80 ಡಿಗ್ರಿ ದಾಟಿದ ಮೇಲೆ ಹಿಗ್ಗಿ ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ತಣಿದರೆ ಸ್ಪ್ರಿಂಗು ಬಾಗಿಲನ್ನು ಎಳೆದು ಮುಚ್ಚುತ್ತದೆ. ಬ್ಯಾಟರಿ ಬೇಡ, ಕಂಪ್ಯೂಟರ್ ಬೇಡ. ನನಗಂತೂ ಇಡೀ ಕಾರಿನಲ್ಲಿ ಇದರಷ್ಟು ಇಷ್ಟವಾದ ಭಾಗ ಇನ್ನೊಂದಿಲ್ಲ.

ಈ ಬಾಗಿಲು ತೆರೆದೇ ಸಿಕ್ಕಿಕೊಂಡರೆ? ಎಂಜಿನ್ನಿಗೆ ಸದಾ ತಣ್ಣೀರ ಸ್ನಾನ. ತಣ್ಣಗಿರುವಾಗ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಎಂಜಿನ್ ಇನ್ನೂ ಕಾದಿಲ್ಲವೆಂದು ತಿಳಿದು ಕಾರಿನ ಕಂಪ್ಯೂಟರ್ ಹೆಚ್ಚು ಹೆಚ್ಚು ಸುರಿಯುತ್ತದೆ. ಇನ್ನೊಂದು ವಿಷಯವನ್ನು ಮನೆಗೆ ಬಂದು ಕಾರಿನ ಕೈಪಿಡಿ ತಿರುವಿ ಹಾಕಿದ ಮೇಲೆ ತಿಳಿದುಕೊಂಡೆ. ಎಂಜಿನ್ ಸಾಕಷ್ಟು ಬಿಸಿಯಾಗುವವರೆಗೆ ಕಂಪ್ಯೂಟರ್ ಲಾಕ್-ಅಪ್ ಬಿಗಿಯಲು ಬಿಡುವುದೇ ಇಲ್ಲ. ಪಾಪ, ಗೇರ್‌ಬಾಕ್ಸ್ ಕೆಟ್ಟಿರಲಿಲ್ಲ. ಬಿಸಿ ಏರಲೆಂದು ಕಾಯುತ್ತಾ ಕೂತಿತ್ತು.

ಹೊಸ ಥರ್ಮೋಸ್ಟಾಟ್ ತಂದೆವು. ಹಳೆಯದನ್ನು ಬಿಚ್ಚಿಸಿಕೊಂಡು ಬಂದು, ಎರಡನ್ನೂ ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆ ಹಚ್ಚಿದೆವು. ಮೈಸೂರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ನಮ್ಮ ಪ್ರಯೋಗಕ್ಕೆ ಅಷ್ಟು ಸಾಕು. ಥರ್ಮಾಮೀಟರ್ 80 ದಾಟುತ್ತಿದ್ದಂತೆ ಹೊಸದರ ಬಾಗಿಲು ಮೆಲ್ಲಗೆ, ಹೂವು ಅರಳಿದ ಹಾಗೆ, ತೆರೆಯಿತು. ಹಳೆಯದು ತಣ್ಣೀರಿನಲ್ಲೂ ಬಾಯಿ ತೆರೆದುಕೊಂಡೇ ಇತ್ತು, ಕುದಿನೀರಿನಲ್ಲೂ ಹಾಗೇ ಇತ್ತು.

ಹೊಸದನ್ನು ಕಾರಿಗೆ ಹಾಕಿಸಿದ ಮೇಲೆ ಮುಂದಿನ ಫುಲ್ ಟ್ಯಾಂಕಿನ ಲೆಕ್ಕ ಲೀಟರಿಗೆ 13.6. ಹಳೆಯ ಥರ್ಮೋಸ್ಟಾಟ್ ಈಗ ಹುಡುಗಿಯ ಜಾಮಿಟ್ರಿ ಬಾಕ್ಸಿನಲ್ಲಿದೆ. ಆ ಪಾತ್ರೆಯಲ್ಲಿ ಮತ್ತೆ ಹಾಲು ಕಾಯಿಸಲು ಮಾತ್ರ ಅಕ್ಕ ಸುತರಾಂ ಒಪ್ಪಿಲ್ಲ.